ತೂತಿಲ್ಲದ ಡ್ರಮ್ಮು

ನಮ್ಮ ಫೋರ್‌ಮನ್ನರ ಎಡಗೈಯ ಮೂರು ಬೆರಳುಗಳು ಆಸಿಡ್ಡಿಗೆ ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಹೊಡೆಯುವುದಕ್ಕೆ ಅವರು ಆ ಕೈಯನ್ನೇ ಎತ್ತುತ್ತಿದ್ದರು. ಹಲಗೆಯಲ್ಲಿ ಬಾರಿಸಿದ ಹಾಗಿರುತ್ತಿತ್ತು.

ತೊಂಬತ್ತರ ದಶಕದ ಮಾತು. ಪಾಂಡವಪುರದ ಹೊರಗೆ ಕೀಟನಾಶಕ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನಿದ್ದೆ. ಖಾಲಿಯಾದ ಡ್ರಮ್ಮನ್ನು ಮೂರು ಸಲ ತೊಳೆಯಬೇಕು, ತೊಳೆದ ನೀರು ನಾಲೆಗೆ ಹೋಗದೆ ಮುಂದಿನ ತಯಾರಿಕೆಗೇ ಸೇರಬೇಕು. ಇದು ಫೋರ್‌ಮನ್ನರ ಕಾನೂನು. ಗಟ್ಟಿ ಡ್ರಮ್ಮುಗಳು ಮತ್ತೆ ಮಾಲು ತುಂಬಿಕೊಂಡು ಬರಲು ವಾಪಸ್ಸು ಹೋಗುತ್ತಿದ್ದವು. ಹಳೆಯವನ್ನು ಇನ್ಯಾರೂ ಬಳಸದಂತೆ ಹಾರೆಯಿಂದ ತೂತು ಮಾಡಿ ಗುಜರಿಗೆ ಹಾಕಿಸುತ್ತಿದ್ದರು. ತೊಳೆದ ನೀರನ್ನು ಮೋರಿಗೆ ಚೆಲ್ಲಿದವನೊಬ್ಬನ ತಲೆಯನ್ನು ಅದೇ ಮೋರಿಗೆ ಅದುಮಿ, "ಕುಡಿಲಾ, ನಾಲೆ ಕೆಳ್ಗಿರೋರು ಇದ್ನೇ ತಾನೆ ಕುಡ್ಯಾದು" ಎಂದಿದ್ದರು. ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕಿಕ್ಕೇರಿ ಹತ್ತಿರ ಆಲೆಮನೆ ಹೂಡಿದ್ದ ನನ್ನ ಸೋದರಮಾವ ಕಬ್ಬಿನ ಹಾಲು ಹಿಡಿಯಲು ಒಂದು ಡ್ರಮ್ಮು ಕೇಳಿದರು. ಒಂದೇ ಸಲ ತೊಳೆದು, ಮೂಸಿ ನೋಡಿ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಡ್ರಮ್ಮು ಕಾಣದೆ ಫೋರ್‌ಮನ್ನರು ನನ್ನ ಕೆನ್ನೆಗೆ ಬಾರಿಸಿ ಬಾಯಿ ಬಿಡಿಸಿದರು. ಹಾರೆ ಹಿಡಿದು ನನ್ನ ಸ್ಕೂಟರಿನ ಹಿಂದೆ ಕೂತರು.

ಆಲೆಮನೆಗೆ ಬಂದವರನ್ನು ಹಾಲು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆಗಷ್ಟೇ ಮೊದಲ ಹಾಲು ತುಂಬಿತ್ತು. ಏಳೆಂಟು ಮಕ್ಕಳು ಲೋಟ ಹಿಡಿದು ಸುತ್ತ ನಿಂತಿದ್ದವು. ಫೋರ್‌ಮನ್ನರು ಮಕ್ಕಳನ್ನು ಆಚೆ ನೂಕಿ ಡ್ರಮ್ಮಿಗೆ ಹಾರೆ ಹೊಡೆದರು. ಹಾಲೆಲ್ಲ ನೆಲದ ಪಾಲಾಯಿತು.

"ಅದ್ರಲ್ಲಿ ಇಸ ಅದೆ. ಯಾರೂ ಮುಟ್ಬ್ಯಾಡಿ."

ಮಾವ ನನ್ನತ್ತ ತಿರುಗಿದರು. "ಓದ್ದೋನು ನೀನು, ನೀನೇಳ್ಲಾ. ಇಸಾನಾ?"

"ತೊಳ್ದಿದ್ದೆ ಮಾವ" ಎಂದೆ. ಕೆನ್ನೆ ಇನ್ನೂ ಚುರುಗುಟ್ಟುತ್ತಿತ್ತು.

ಅಷ್ಟು ಸಾಕಾಯಿತು. ಆಳುಗಳು ಕಬ್ಬಿನ ಜಲ್ಲೆಯಲ್ಲಿ, ಸೌದೆಯಲ್ಲಿ ಫೋರ್‌ಮನ್ನರನ್ನು ಬಡಿದರು. ಬಲಗಿವಿಯಿಂದ ರಕ್ತ ಸುರಿಯಿತು. ನಾನು ನೋಡುತ್ತಾ ನಿಂತಿದ್ದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಚೆಲ್ಲಿದ ಹಾಲು ನೆಕ್ಕಿದ್ದ ಕರು ಮಂಡಿಯೂರಿ ನೊರೆ ಕಾರಿ ಸತ್ತಾಗಲೇ ಸೌದೆಗಳು ಕೆಳಗಿಳಿದದ್ದು.

ಫೋರ್‌ಮನ್ನರು ಕಾರ್ಖಾನೆಯಲ್ಲಿ ನನ್ನ ಹೆಸರೆತ್ತಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವಾಗ ಸ್ಕೂಟರಿನ ಹಿಂದಿನಿಂದ ಹೇಳಿದ್ದು ಒಂದೇ ಮಾತು: "ಮೂಗ್ನ ನಂಬಬ್ಯಾಡ ಕಣ್ಲಾ. ಮೂರ್ ಸಲ ತೊಳಿ."

ಬಲಗಿವಿ ಮತ್ತೆ ಕೇಳಿಸಲಿಲ್ಲ. ಕೆಲವು ವರ್ಷಗಳ ನಂತರ ಅವರು ಕಾಯಿಲೆ ಬಿದ್ದು ಮಲಗಿದ್ದಾಗ ನೋಡಲು ಹೋದೆ. ಮಾರನೆಯ ವಾರ ತೀರಿಕೊಂಡರು. ತಪ್ಪಾಯಿತು ಎಂದು ನೋಡಲು ಹೋದ ದಿನ ಹೇಳಿಯೇಬಿಟ್ಟಿದ್ದೆ. ಅವರ ಎಡಗಡೆ ಕುರ್ಚಿ ಖಾಲಿಯಿತ್ತು. ನಾನು ಬಲಗಡೆ ನಿಂತು ಹೇಳಿದೆ.