ಮಲ್ಲಿಗಮ್ಮ ಓಡಿಸಿದ ಕಾಗೆಗಳು

ಹಾಸನದಿಂದ ಮೊಸಳೆ ಊರಿನ ಕಡೆ ಹೋಗುವಾಗ ಕಾರ್ಖಾನೆಯ ಕಾಂಪೌಂಡಿನೊಳಗೆ ಒಂದು ದೊಡ್ಡ ಸಿಮೆಂಟಿನ ವೃತ್ತ ಕಾಣುತ್ತದೆ. ಅದು ಮೊದಲು ಮಲ್ಲಿಗಮ್ಮನ ಹುರುಳಿ ಹೊಲ. ಅವಳ ಗಂಡ ಚನ್ನಪ್ಪನನ್ನು ಮಣ್ಣು ಮಾಡಿದ್ದೂ ಆ ಹೊಲದ ಮೂಲೆಯಲ್ಲೇ.

ಚನ್ನಪ್ಪ ಹೋದ ಮೇಲೆ ಮೈದುನ ಸಿದ್ದೇಶ್ವರ ಹೊಲವನ್ನು ಕಂಪನಿಗೆ ಬರೆದುಕೊಟ್ಟ. ಧಣಿಗಳು ಹಾರಿಬಂದು ಕಾರ್ಖಾನೆ ನೋಡಿಕೊಂಡು ಹಾರಿಹೋಗಲು ಅಲ್ಲಿ ಹೆಲಿಕಾಪ್ಟರ್ ನಿಲ್ದಾಣ ಎದ್ದಿತು. ಹೆಲಿಕಾಪ್ಟರ್ ಮೊದಲ ಸಲ ಇಳಿದ ದಿನ ಊರಿಗೂರೇ ನೋಡಲು ಬಂದಿತ್ತು. ಅದರ ಗಾಳಿಗೆ ಸಿದ್ದೇಶ್ವರನ ಹುಲ್ಲಿನ ಬಣವೆ ಅರ್ಧ ಹಾರಿಹೋಯಿತು.

ಹೊಲ ಕಳೆದುಕೊಂಡವಳೆಂದು ಮಲ್ಲಿಗಮ್ಮನಿಗೆ ಅಲ್ಲೇ ಕೆಲಸ ಸಿಕ್ಕಿತು. ಕಸ ಗುಡಿಸಬೇಕು, ಹಕ್ಕಿ ಓಡಿಸಬೇಕು. ಒಂದು ಕಾಗೆ ಪಂಖಕ್ಕೆ ಸಿಕ್ಕಿದರೂ ಒಳಗಿದ್ದವರು ಉಳಿಯುವುದಿಲ್ಲ ಎಂದು ಸೂಪರ್‌ವೈಸರ್ ಮೋಹನ್‌ಕುಮಾರ್ ಹೇಳಿದ್ದ. ಅವಳು ಡಬ್ಬ ಬಡಿದಳು, ಕಲ್ಲು ಬೀಸಿದಳು, ಹೊಂಗೆಮರದ ಗೂಡು ಕೆಡವಿಸಿದಳು. ಕಾಗೆಗಳು ಅವಳ ಗುರುತು ಹಿಡಿದುಬಿಟ್ಟವು. ಬಸ್ ಸ್ಟಾಪಿನಲ್ಲಿ ಕಂಡರೂ ತಲೆಗೆ ಕುಕ್ಕಲು ಬರುತ್ತಿದ್ದವು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅವಳು ಮೂಲೆಯಲ್ಲಿದ್ದ ಗಂಡನ ಸಮಾಧಿ ಕಲ್ಲಿನ ಮೇಲಿಡಲು ಎಡೆ ತಂದಳು. ಮೋಹನ್‌ಕುಮಾರ್ ಗೇಟಿನಲ್ಲೇ ತಡೆದ.

"ಏನಮ್ಮ, ಕಾಗೆ ಓಡಿಸೋಳೇ ಕಾಗೆ ಕರೀತೀಯ?"

"ನಮ್ ಯಜಮಾನ್ರು ಇಲ್ಲೇ ಮಲಗವ್ರೆ ಸಾ. ಉಣ್ಣಕೆ ಇನ್ನೆಲ್ಲಿಗೋದಾರು?"

"ಮನೆ ತಾವ ಇಕ್ಕು. ಸತ್ತೋರ್ಗೆ ದಾರಿ ಗೊತ್ತಿರ್ತದೆ."

ಮನೆಯ ಮೇಲೆ ಇಟ್ಟು ಒಳಗೆ ಬಂದಳು. ಕಾಗೆ ಮುಟ್ಟಿತು, ಮನೆಯವರು ಉಂಡರು. ಮಲ್ಲಿಗಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಬದುಕಿದ್ದಾಗ ಚನ್ನಪ್ಪ ಮನೆಯಲ್ಲಿ ಕೂತಿದ್ದರೂ ಮುದ್ದೆಯನ್ನು ಹೊಲಕ್ಕೇ ಹೊರಿಸುತ್ತಿದ್ದವನು. "ಒಲದಾಗೆ ಉಂಡ್ರೇ ಒಟ್ಟೆ ತುಂಬೋದು ಕಣೇ" ಅನ್ನುತ್ತಿದ್ದ. ಈ ಹೆಲಿಕಾಪ್ಟರ್ ತೊಲಗಿದ ದಿನ ನಿನ್ನ ಜಾಗದಲ್ಲೇ ಉಣ್ಣಿಸುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಮಾತು ಕೊಟ್ಟಳು.

ವರ್ಷಗಳ ಮೇಲೆ ಅದೂ ಆಯಿತು. ಕಾರ್ಖಾನೆ ಕೈಬದಲಾಯಿತು, ಹೊಸ ಧಣಿಗಳು ಕಾರಿನಲ್ಲೇ ಬರುವವರು. ದೀಪದ ಕಂಬ ಕಿತ್ತರು, ಗಾಳಿಯ ದಿಕ್ಕು ತೋರುವ ಚೀಲ ಇಳಿಸಿದರು, ಕಾವಲು ತೆಗೆದರು. "ಮಲ್ಲಿಗಮ್ಮನ ಇಮಾನ ಆರೋಯ್ತು!" ಎಂದು ಊರು ನಕ್ಕಿತು. ಸಂಬಳ ಹೋದರೂ ಅವಳು ಮಹಾಲಯ ಅಮಾವಾಸ್ಯೆಯನ್ನೇ ಕಾಯುತ್ತಿದ್ದಳು.

ಅವತ್ತು ಕಲ್ಲು ತೊಳೆದು ಬಾಳೆಲೆ ಹಾಸಿ ಮುದ್ದೆ, ಹುರುಳಿ ಬಸ್ಸಾರು, ವಡೆ, ಒಂದು ಕಟ್ಟು ಬೀಡಿ ಇಟ್ಟಳು. "ಕಾ, ಕಾ" ಎಂದು ಕರೆದಳು. ಕಾಗೆಗಳು ಆಚೆ ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲು ನೆತ್ತಿ ದಾಟಿತು. ಕಾಗೆ ಎಡೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಜೊತೆಗೆ ಬಂದಿದ್ದ ಸಿದ್ದೇಶ್ವರನ ಹೆಂಡತಿ ಲಕ್ಕಮ್ಮನಿಗೆ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು.

"ಅಕ್ಕಾ, ನೀನು ಆಚೀಕೋಗು. ನಿನ್ ಮಖ ಕಂಡ್ರೆ ಅವ್ಕೆ ಜೀವ ಜಲ್ ಅಂತದೆ. ಅಷ್ಟೊರ್ಸ ಡಬ್ಬ ಬಡ್ದಿದ್ದೀಯ, ಮರ್ತಾವಾ?"

"ಕಣ್ಣಾರೆ ನೋಡ್ಬೇಕು ಕಣೇ."

"ನೀನು ನೋಡ್ತಾ ಕುಂತ್ರೆ ಭಾವ ಉಪಾಸ ಓಯ್ತಾರೆ."

ಮಲ್ಲಿಗಮ್ಮ ಕಾಂಪೌಂಡಿನ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತಳು. ರೆಕ್ಕೆಯ ಸದ್ದಿಗೆ ಕಿವಿಗೊಟ್ಟಳು. ರಸ್ತೆಯ ಲಾರಿಗಳ ಸದ್ದು ಬಿಟ್ಟು ಏನೂ ಕೇಳಲಿಲ್ಲ.

"ಮುಟ್ತು ಕಣಕ್ಕಾ, ಬಾ!"

ಓಡಿ ಬಂದಳು. ಎಲೆಯ ತುದಿ ಸರಿದಿತ್ತು, ಒಂದು ವಡೆ ಇರಲಿಲ್ಲ.

"ಎಲ್ಲೇ ಕಾಗೆ?"

"ಅಗಾ, ಅಂಗೋಯ್ತು."

ತೋರಿಸಿದ ಬೆರಳಲ್ಲಿ ಎಣ್ಣೆ ಮಿನುಗುತ್ತಿತ್ತು. ಬೆಳಿಗ್ಗೆ ವಡೆ ತಟ್ಟಿದವಳೂ ಲಕ್ಕಮ್ಮನೇ. ಮಲ್ಲಿಗಮ್ಮ ಸರಿದಿದ್ದ ಎಲೆಯನ್ನು ನೇರ ಮಾಡಿದಳು. ಮನೆಗೆ ಬಂದು ಎಲ್ಲರಿಗೂ ಬಡಿಸಿದಳು. ತನ್ನ ಪಾಲನ್ನು ಮಾತ್ರ ಮುಚ್ಚಿಟ್ಟಳು.

ಮರುದಿನ ಒಂದು ಹಿಡಿ ಅನ್ನ ತಂದು ವೃತ್ತದ ನಡುವೆ ಹರಡಿ, ಕಾಗೆಗಳಿಗೆ ಗುರುತು ಸಿಗದಂತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯಾಚೆ ಕೂತಳು. ಅದರ ಮರುದಿನವೂ ಬಂದಳು. ಕಾಗೆಗಳು ಗೋಡೆ ಬಿಟ್ಟು ಇಳಿದಿರಲಿಲ್ಲ. ಮುಂದಿನ ಮಹಾಲಯ ಅಮಾವಾಸ್ಯೆಗೆ ಇನ್ನೂ ಒಂದು ವರ್ಷವಿತ್ತು.