ಪಾಲಿಶ್ ತಾತನ ಮನೆಯ ಅಡುಗೆಕಟ್ಟೆ

ಊರವರ ಅಡುಗೆಕಟ್ಟೆಗಳನ್ನೆಲ್ಲ ಕನ್ನಡಿ ಮಾಡಿಕೊಟ್ಟ ಪಾಲಿಶ್ ತಾತನಿಗೆ ತನ್ನ ಮನೆಯ ಕಟ್ಟೆ ಉಜ್ಜಲು ಮೂವತ್ತು ವರ್ಷ ಪುರುಸೊತ್ತು ಸಿಗಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ಮೊಣಕಾಲು ಕೈಕೊಟ್ಟಿತು. ಕಂಡವರ ಮನೆಯಲ್ಲಿ ಮಾತ್ರ, "ಮಾರ್ಬಲ್ಲಿಗೆ ಹುಳಿ ಸೋಕಿಸ್ಬೇಡಿ ತಾಯಿ, ನಿಂಬೆರಸ ಬಿದ್ರೆ ತಕ್ಷಣ ಒರೆಸ್ಬಿಡಿ, ಬರೀ ನೀರು, ಮೆತ್ತನೆ ಬಟ್ಟೆ ಸಾಕು" ಎಂದು ಪಾಠ ಒಪ್ಪಿಸುತ್ತಿದ್ದ. ಅವನ ಹೆಂಡತಿಯೋ, ಕಟ್ಟೆಯ ಮೇಲೇ ದಿನಾ ನಿಂಬೆಹಣ್ಣು ಹೆಚ್ಚುತ್ತಿದ್ದಳು. ಒಲೆಯ ಬಲಕ್ಕೆ ಅಂಗೈಯಗಲ ಕಲ್ಲನ್ನು ಹುಳಿ ತಿಂದು ಒರಟು ಮಾಡಿತ್ತು. ಅಂಚು ಒಂದು ಕಡೆ ಮುಕ್ಕಾಗಿತ್ತು.

ಎರಡು ವರ್ಷದಿಂದೀಚೆಗೆ ಅಜ್ಜಿಯ ಕಣ್ಣು ಮಂಜಾಗುತ್ತ ಬಂದಿತ್ತು. ಇನ್ನು ಸರಿಹೋಗುವುದಿಲ್ಲ, ಇದ್ದಷ್ಟು ಉಳಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಅಡುಗೆಗೆ ಯಾರನ್ನಾದರೂ ಇಡೋಣ, ನೀನು ಒಲೆಯ ಹತ್ತಿರ ಹೋಗಬೇಡ ಎಂದು ಮಗಳು ಹಟ ಹಿಡಿದಿದ್ದಳು.

"ನನ್ನ ಅಡುಗೆಮನೇಲಿ ನಾನೇನು ಎಡವಿ ಬಿದ್ದಿದ್ದೀನಾ? ಕೈಲಾಗದ ದಿನ ನಾನೇ ಹೇಳ್ತೀನಿ" ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದ್ದಳು. ನಿಜಕ್ಕೂ ಒಂದು ಲೋಟ ಕೂಡ ಅವಳ ಕೈಜಾರಿರಲಿಲ್ಲ.

ಕಣ್ಣು ಪೂರ್ತಿ ಹೋಗುವ ಮೊದಲು ಅವಳು ತನ್ನ ಕಟ್ಟೆ ಹೊಳೆಯುವುದನ್ನು ಒಮ್ಮೆ ನೋಡಲಿ ಎಂದು ತಾತನಿಗೆ ಆಸೆ. ಅಜ್ಜಿಯ ತಂಗಿ ಬಂದು ಅವಳನ್ನು ಎರಡು ದಿನಕ್ಕೆ ಕರೆದುಕೊಂಡು ಹೋದದ್ದೇ ತಡ, ಅಟ್ಟದಿಂದ ಯಂತ್ರ ಇಳಿಸಿದ. ಮೊದಲು ಒರಟು ಉಜ್ಜುಗಲ್ಲು, ಆಮೇಲೆ ನಯವಾದದ್ದು, ಕೊನೆಗೆ ಪಾಲಿಶ್ ಪುಡಿ. ಮೊಣಕಾಲಿಗೆ ಬೈಯುತ್ತಲೇ ಉಜ್ಜಿದ. ಮುಕ್ಕಿಗೆ ಅಂಟು ತುಂಬಿ ಸಮ ಮಾಡಿದ. ಅಂಥ ಹೊಳಪು ಯಾವ ಗಿರಾಕಿಗೂ ಸಿಕ್ಕಿರಲಿಲ್ಲ.

ಅಜ್ಜಿ ಬಂದಳು. "ನೋಡು" ಎಂದ ತಾತ, ಹೊಸ ಮದುಮಗನ ಹಾಗೆ ಬೀಗುತ್ತ. ಅವಳು ಅಂಗೈಯಿಟ್ಟು ಸವರಿದಳು. ಮತ್ತೆ ಸವರಿದಳು.

"ಚೆನ್ನಾಗಿದೆ ಕಣ್ರೀ" ಎಂದು ಚಹಾ ಮಾಡಲು ಹೊರಟಳು. ನೀರು ತುಂಬಿದ ಲೋಟವನ್ನು ಕಟ್ಟೆಯ ಮೇಲಿಡಲು ಹೋಗಿ ಅಂಚಿನಾಚೆ ಬಿಟ್ಟಳು. ಲೋಟ ನೆಲಕ್ಕೆ ಬಿತ್ತು. ಒಲೆ ಹುಡುಕುತ್ತಿದ್ದ ಇನ್ನೊಂದು ಕೈ ಗೋಡೆಗೆ ಬಡಿಯಿತು.

ತಾತ ಅವಳ ಕೈ ಹಿಡಿದುಕೊಂಡ. "ನಿಂಗೆ ಏನೂ ಕಾಣಿಸ್ತಿಲ್ವಾ?"

"ಒಂದು ವರ್ಷ ಆಯ್ತು" ಎಂದಳು ಅಜ್ಜಿ. "ಆ ಒರಟು ಜಾಗ ಕೈಗೆ ಸಿಕ್ರೆ ಅದರ ಎಡಕ್ಕೆ ಒಲೆ. ಮುಕ್ಕು ಸಿಕ್ರೆ ಕಟ್ಟೆ ಮುಗೀತು ಅಂತ. ಅಷ್ಟು ಸಾಕಾಗಿತ್ತು ನಂಗೆ. ಮಗಳಿಗೆ ಹೇಳ್ಬೇಡಿ."

ಒಂದು ವರ್ಷ ಅವಳ ಕೈಯಡುಗೆ ಉಂಡು, ಉಪ್ಪು ಜಾಸ್ತಿಯಾಯಿತೆಂದು ಗೊಣಗಿ, ಇಷ್ಟೂ ತಿಳಿಯಲಿಲ್ಲವಲ್ಲ ಎಂದು ತಾತನಿಗೆ ನಾಚಿಕೆಯಾಯಿತು. ಅಳುವೂ ಬಂತು. ಮೂಗು ಒರೆಸಿಕೊಂಡು, ಪೆಟ್ಟಿಗೆಯಲ್ಲಿದ್ದ ಅತಿ ಒರಟು ಉಜ್ಜುಗಲ್ಲನ್ನು ತಂದ.

"ಎಲ್ಲಿತ್ತು, ತೋರಿಸು."

ಅಜ್ಜಿ ಅಂಗೈ ಊರಿದಳು. "ಇಲ್ಲಿ. ಅಲ್ಲ, ಇನ್ನೆರಡು ಬೆರಳು ಈಚೆಗೆ."

ಜೀವಮಾನದಲ್ಲಿ ಯಾರ ಕಲ್ಲಿಗೂ ಒಂದು ಗೀರು ಬೀಳಿಸದ ತಾತ, ಅವಳು ಸಾಕು ಎನ್ನುವವರೆಗೂ ಆ ಹೊಳಪನ್ನು ಉಜ್ಜಿ ತೆಗೆದ.