ಬೈಜಾಂಟೈನ್ ಪದದ ಮೂರನೆಯ ಅರ್ಥ

ಮೊಮ್ಮಕ್ಕಳೇ, ಮೊನ್ನೆ ನಿಮ್ಮಲ್ಲಿ ದೊಡ್ಡವಳು ಗುಂಡ್ಲುಪೇಟೆಯ ಕಾಲೇಜಿನಿಂದ ಬಂದು ನನಗೊಂದು ಹೊಸ ಪದ ಕಲಿಸಿದಳು: ಬೈಜಾಂಟೈನ್. ಹಿಂದೆ ಸಾವಿರ ವರ್ಷ ಬಾಳಿದ ಒಂದು ಕ್ರೈಸ್ತ ಸಾಮ್ರಾಜ್ಯವಂತೆ ಅದು. ಅವರ ಚಿನ್ನದ ಬಣ್ಣದ ದೇವರ ಚಿತ್ರಗಳಿಗೂ ಅದೇ ಹೆಸರಂತೆ. ಈಗಿನವರು, ಹೊಕ್ಕರೆ ಹೊರಬರುವ ದಾರಿ ತಿಳಿಯದ ಕಚೇರಿ ಕೆಲಸಕ್ಕೂ ಹಾಗೆ ಅನ್ನುತ್ತಾರಂತೆ.

"ಚಿನ್ನದ ಚಿತ್ರ ನಾ ಕಾಣೆ ಕಣಮ್ಮಿ. ಆ ಕೊನೇದ್ನ ಚಾಮರಾಜನಗರದಲ್ಲಿ ನೋಡಿವ್ನಿ" ಅಂದೆ. ನೀವೆಲ್ಲ ನಕ್ಕಿರಿ. ನಾಚಿಕೆಯಿಂದ ಅಂದು ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ಹರದನಹಳ್ಳಿಯ ಅರಿಶಿನದ ಹೊಲ ನನ್ನ ಹೆಸರಿಗೆ ಆಗಬೇಕಿತ್ತು. ಆಗದಿದ್ದರೆ ಅದರಲ್ಲಿ ನನಗೆ ಹಕ್ಕಿದೆ ಎನ್ನಲು ಒಂದು ಕಾಗದವೂ ಇರುತ್ತಿರಲಿಲ್ಲ. ಪಂಚಾಯ್ತಿಯಲ್ಲಿ ಮರಣದ ಕಾಗದ ಬರೆಸುವ ದಿನ ಗಂಡನ ಹೆಸರು ಕೇಳಿದರು. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ತಲೆ ತಗ್ಗಿಸಿದೆ. ಜೊತೆಗಿದ್ದ ವಾರಗಿತ್ತಿ, ಊರವರು ಕರೆಯುತ್ತಿದ್ದ ಹೆಸರನ್ನೇ ಬರೆಸಿಬಿಟ್ಟಳು. ಹೊಲದ ಪಹಣಿಯಲ್ಲಿ ಇದ್ದದ್ದು ಶಾಲೆಯ ಹೆಸರು. ತಪ್ಪೆಂದು ಗೊತ್ತಿದ್ದೂ ಸುಮ್ಮನಿದ್ದೆ.

ಹೀಗೆ ಸತ್ತವರು ಒಬ್ಬರು, ಹೊಲದವರು ಇನ್ನೊಬ್ಬರು ಆದರು. ಚಾಮರಾಜನಗರದ ಕಚೇರಿಯಲ್ಲಿ ಈ ಕಿಟಕಿಯವರು ಆ ಕಿಟಕಿಗೆ ಕಳಿಸಿದರು, ಅವರು ಮಹಡಿಗೆ, ಮಹಡಿಯವರು ಮತ್ತೆ ಪಂಚಾಯ್ತಿಗೆ. ಎಂಟು ತಿಂಗಳು ಬಸ್ಸು ಹತ್ತಿ ಇಳಿದೆ. ಆ ಬೈಜಾಂಟೈನ್ ಸಾಮ್ರಾಜ್ಯಕ್ಕೆ ಈ ಕೆಟ್ಟ ಅರ್ಥ ಹೊರಿಸಿದ್ದು ಆಮೇಲಿನವರಂತೆ. ಕೇಳಿ ಪಾಪ ಅನಿಸಿತು. ನಾನೂ ದಿನಾ ಕಚೇರಿಯನ್ನೇ ಬೈಯುತ್ತಿದ್ದೆ, ಮೊದಲ ಗಂಟು ಹಾಕಿದವಳು ನಾನೇ ಆಗಿದ್ದರೂ.

ಕೊನೆಗೆ ಒಂದು ಕಿಟಕಿಯಲ್ಲಿ ಕೂತಿದ್ದ ಹೆಣ್ಣುಮಗಳು ಕಾಗದ ಕೆಳಗಿಟ್ಟಳು.

"ಅಮ್ಮೋ, ಎಲ್ರೂ ಒಂದೊಂದು ಹೆಸ್ರು ಹೇಳವ್ರೆ, ನೀನೊಬ್ಳೇ ಹೇಳಿಲ್ಲ. ನಿನ್ ಯಜಮಾನ್ರ ಹೆಸ್ರೇನು?"

"ಎಂಗೆ ಏಳನವ್ವ? ಯಾವತ್ತೂ ಏಳಿಲ್ಲ."

"ಅವ್ರೇನು ಎದ್ಬಂದು ಬೈದಾರಾ?"

ಸಾಲಿನಲ್ಲಿ ಹಿಂದಿದ್ದ ಮುದುಕರೊಬ್ಬರು, "ಏಳ್ಬುಡವ್ವ, ನಾವೆಲ್ಲ ಕಿವಿ ಮುಚ್ಕತೀವಿ" ಎಂದು ನಿಜವಾಗಿಯೂ ಮುಚ್ಚಿಕೊಂಡರು. ನನಗೆ ನಗು ಬಂತು. ಆ ನಗುವಿನಲ್ಲೇ ಎರಡು ಹೆಸರೂ ಹೇಳಿ, ಇಬ್ಬರೂ ಒಬ್ಬರೇ ಅಂದೆ. ಆಕೆ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿದಳು.

ಹೊರಗೆ ಬಂದಾಗ ಹಸಿವಾಗಿತ್ತು. ಎರಡು ಇಡ್ಲಿ ಹೆಚ್ಚಿಗೆ ಹಾಕಿಸಿಕೊಂಡೆ.

ಮುಂದಿನ ತಿಂಗಳು ಪಹಣಿಯಲ್ಲಿ ನನ್ನ ಹೆಸರು ಬಂತು. ಪಕ್ಕದಲ್ಲಿ, ಇಂಥವರ ಹೆಂಡತಿ ಎಂದು ಅವರ ಹೆಸರೂ ಸರಿಯಾಗಿತ್ತು. ನಾಲ್ಕು ಸಲ ಓದಿದೆ, ಬಾಯಿಬಿಟ್ಟೇ.